ಆಯುಧಪೂಜೆಯ ದಿನದ ಲಿನಕ್ಸ್

ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ವಿಂಡೋಸ್ ಇರಲೇಬೇಕೆಂದು ಹಟ ಹಿಡಿದವನು ನನ್ನ ತಮ್ಮ. ವಿಂಡೋಸ್‌ನಲ್ಲಿ ಅವನು ಮಾಡುವ ಕೆಲಸವೆಂದರೆ ಇಸ್ಪೀಟು ಆಡುವುದು. ಅಂಗಡಿ ಮುಚ್ಚಿ, ಊಟ ಮುಗಿಸಿ ಬಂದು ಕೂರುತ್ತಾನೆ. ಎದುರಾಳಿಯೇ ಇಲ್ಲದ ಆಟದಲ್ಲಿ ಸೋತು, ಕಂಪ್ಯೂಟರೇ ಸರಿಯಿಲ್ಲವೆಂದು ಗೊಣಗುತ್ತ ಏಳುತ್ತಾನೆ.

ನನಗೆ ಬೇಕಾದದ್ದು ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ ನಿವೃತ್ತಳಾದ ಮೇಲೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠಗಳನ್ನು ಸಿದ್ಧಪಡಿಸಿಕೊಡುತ್ತೇನೆ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಕನ್ನಡವನ್ನು ಅಕ್ಷರಗಳಾಗಿಸಿ, ತಪ್ಪು ತಿದ್ದಿ ಕಳುಹಿಸಿದರೆ ಅವರ ಫೋನು ಅದನ್ನು ಓದಿ ಹೇಳುತ್ತದೆ. ನಾನು ಕಲಿತ ತಂತ್ರಾಂಶಗಳೆಲ್ಲ ಲಿನಕ್ಸಿನವು. ಹಾಗಾಗಿ ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ತಂತ್ರಾಂಶ ಹಾಕಿ, ಅದರಲ್ಲಿ ಪೂರ್ತಿ ಲಿನಕ್ಸ್ ನಡೆಸುತ್ತಿದ್ದೆ. ತೆರೆದರೆ ಒಂದು ಚೌಕದೊಳಗೆ ಬೇರೆಯೇ ಪರದೆ, ಬೇರೆಯೇ ಮೆನು. ಮೊದಲು ಒಳಗಿನದನ್ನು ಕ್ರಮವಾಗಿ ಮುಚ್ಚಬೇಕು, ಆಮೇಲೆ ಹೊರಗಿನದನ್ನು. ನಿಯಮ ಇಷ್ಟೇ. ತಮ್ಮನಿಗೆ ಇದೇ ಹಿಡಿಸಲಿಲ್ಲ.

“ಮನೆಯೊಳಗೆ ಮನೆ ಕಟ್ಟಿದಂಗಾಯ್ತಲ್ಲಕ್ಕ. ಯಾರಾದ್ರೂ ಮಾಡ್ತಾರಾ?”

“ನೀನು ಬಾಡಿಗೆಗೆ ಅಂತ ತಾರಸಿ ಮೇಲೆ ರೂಮು ಕಟ್ಟಿಲ್ವೇನೋ? ಹಂಗೇ ಇದು. ಕೆಳಗಿನವರು ಮೇಲಿನವರ ಕರೆಂಟು ತೆಗೀಬಾರ್ದು, ಅಷ್ಟೇ.”

“ಹಂಗಾದ್ರೆ ನನಗೂ ಹೇಳ್ಕೊಡು.”

“ಪರದೆ ಮೇಲೆ ಏನು ಬರುತ್ತೆ ಅಂತ ಓದೋದು ಕಲಿ ಮೊದಲು.”

ಕಲಿಯಲಿಲ್ಲ. ಪರದೆ ಏನೇ ಕೇಳಿದರೂ ಓದದೆ ಒಪ್ಪಿಗೆ ಒತ್ತುವವರ ಪೈಕಿ ಅವನು. ಅಂಥ ಗಂಡಸರು ನಮ್ಮ ಬೀದಿಯ ತುಂಬ ಇದ್ದಾರೆ. ಕಂಪ್ಯೂಟರ್ ಕೆಟ್ಟಾಗ ಒಬ್ಬರನ್ನೊಬ್ಬರು ಕರೆದು ತೋರಿಸಿ, ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ.

ಆ ವರ್ಷ ವಿಜಯದಶಮಿಯ ಮರುದಿನವೇ ಜ್ಞಾನಭಾರತಿಯ ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ಇತಿಹಾಸದ ಪರೀಕ್ಷೆ. ಕೊಪ್ಪಳದ ಕಡೆಯವಳು, ಹುಟ್ಟಿನಿಂದ ದೃಷ್ಟಿಯಿಲ್ಲ. ಉಳಿದ ಪಾಠಗಳೆಲ್ಲ ಅವಳ ಕೈ ಸೇರಿದ್ದವು. ಕೊನೆಯ ಎರಡು ದೊಡ್ಡ ಪಾಠಗಳನ್ನು ವಾರವಿಡೀ ಕುಳಿತು ತಿದ್ದಿದ್ದೆ. ಆಯುಧಪೂಜೆಯ ಸಂಜೆ ಒಮ್ಮೆ ಪೂರ್ತಿ ನೋಡಿ ಕಳುಹಿಸುವುದಿತ್ತು. ಅರೆಬರೆ ಕೆಲಸವನ್ನು ನಾನು ಕಳುಹಿಸುವವಳಲ್ಲ.

ಪೂಜೆಯ ಬೆಳಿಗ್ಗೆ ಲಿನಕ್ಸ್ ತೆರೆದಿಟ್ಟು ಅಡುಗೆಮನೆಗೆ ಹೋದೆ. ಸ್ಕೂಟರಿಗೆ, ತಕ್ಕಡಿಗೆ, ಮಿಕ್ಸಿಗೆ ಕುಂಕುಮ ಹಚ್ಚುತ್ತ ತಮ್ಮ ಕಂಪ್ಯೂಟರಿನ ಬಳಿಗೂ ಬಂದ. ಆಯುಧಗಳಿಗೆ ಆ ದಿನ ವಿಶ್ರಾಂತಿ, ಓಡುತ್ತಿರುವ ಯಂತ್ರಕ್ಕೆ ಅವನು ಹೂವಿಡುವುದಿಲ್ಲ. ಲಿನಕ್ಸಿನ ಚೌಕದ ಮೂಲೆಯಲ್ಲಿದ್ದ ಇಂಟು ಮಾರ್ಕನ್ನು ಒತ್ತಿದ್ದಾನೆ. ಹೇಗಿದೆಯೋ ಹಾಗೇ ಉಳಿಸಲೇ, ಕ್ರಮವಾಗಿ ಮುಚ್ಚಲೇ, ಒಮ್ಮೆಲೇ ನಿಲ್ಲಿಸಲೇ ಎಂದು ಅದು ಕೇಳಿದೆ. ಒಮ್ಮೆಲೇ ನಿಲ್ಲಿಸೆಂದಿದ್ದಾನೆ. ಕಾದಿರಿಸಿದ ಹಳೆಯ ಸ್ಥಿತಿಗೆ ಮರಳಿಸಲೇ ಎಂದು ಅದರ ಕೆಳಗೆ ಇನ್ನೊಂದು ಪ್ರಶ್ನೆ. ಅಲ್ಲೂ ಟಿಕ್ ಹಾಕಿದ್ದಾನೆ. ನಾನು ಆ ಸ್ಥಿತಿಯನ್ನು ಕಾದಿರಿಸುವುದು ತಿಂಗಳ ಮೊದಲ ದಿನ. ಅಲ್ಲಿಂದೀಚೆಗೆ ಒಳಗೆ ಮಾಡಿದ್ದೆಲ್ಲ ಅಳಿಸಿಹೋಯಿತು.

ನಾನು ಬಂದಾಗ ಪರದೆ ಕಪ್ಪಾಗಿತ್ತು, ಅದರ ತಲೆಯ ಮೇಲೆ ಸೇವಂತಿಗೆ.

“ಏನೋ ಮಾಡ್ದೆ?”

“ಆಫ್ ಮಾಡ್ದೆ ಕಣಕ್ಕ. ಏನೋ ಕೇಳ್ತು, ಹೂಂ ಅಂದೆ.”

“ಏನು ಕೇಳ್ತು?”

“ಎಲ್ಲಾ ಮೊದಲಿನ ಥರ ಮಾಡ್ಲಾ ಅಂತ. ಒಳ್ಳೇದೇ ಅಲ್ವಾ?”

ಹೂವನ್ನು ಪಕ್ಕಕ್ಕಿಟ್ಟು ಕಂಪ್ಯೂಟರ್ ಹಾಕಿದೆ.

“ಅಕ್ಕ, ಪೂಜೆ ಆಗಿದೆ. ಇವತ್ತು ಮುಟ್ಟಬಾರ್ದು.”

“ಮುಟ್ಟಬಾರದಾಗಿದ್ದು ನೀನು.”

ಲಿನಕ್ಸ್ ಚೆನ್ನಾಗಿಯೇ ತೆರೆದುಕೊಂಡಿತು. ಆ ಎರಡು ಪಾಠಗಳ ಫೋಲ್ಡರ್ ಮಾತ್ರ ಅದರಲ್ಲಿರಲಿಲ್ಲ.

ಮತ್ತೆ ಸ್ಕ್ಯಾನ್ ಮಾಡಿ ತಿದ್ದುವಷ್ಟು ಸಮಯವಿರಲಿಲ್ಲ. ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

“ಆ ಎರಡು ಪಾಠದಾಗ ಬಾಳ ಪ್ರಶ್ನಿ ಬರ್ತಾವ್ರಿ ಮೇಡಂ.”

“ಪುಸ್ತಕ ನನ್ನ ಕೈಲಿದೆ. ಓದ್ತೀನಿ, ರೆಕಾರ್ಡ್ ಮಾಡ್ಕೊ.”

ಮಧ್ಯಾಹ್ನದ ಹೊತ್ತಿಗೆ ಒಂದು ಪಾಠ ಮುಗಿದು ನನ್ನ ಗಂಟಲು ಕಟ್ಟಿತು. ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಕಡಲೆಪುರಿಯ ತಟ್ಟೆ ಹಿಡಿದು ತಮ್ಮ ಬಂದ. ಮುಖದಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ, ಊಟ ಯಾವಾಗ ಎಂಬ ಪ್ರಶ್ನೆ ಇತ್ತು. ತಟ್ಟೆ ಕಸಿದುಕೊಂಡು ಪುಸ್ತಕ ಕೊಟ್ಟೆ. ಅವನು ಓದತೊಡಗಿದ. ಇಸವಿಗಳನ್ನು ನುಂಗಿದ. ಉದ್ದನೆಯ ವಾಕ್ಯ ಬಂದಾಗ ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ನೆಗೆದ.

“ಸರ್ರ, ಒಂದು ಸಾಲು ಬಿಟ್ರಿ ಅನಸ್ತೈತಿ,” ಎಂದಳು ಹುಡುಗಿ ಫೋನಿನಲ್ಲಿ.

“ನಿಂಗೆ ಹೆಂಗಮ್ಮ ಗೊತ್ತಾಯ್ತು?”

“ಅರ್ಥ ಆಗ್ಲಿಲ್ರಿ, ಅದಕ್ಕ.”

ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದ. ನಾನು ಬಿಸಿನೀರು ಕುಡಿಯುತ್ತ ಎದುರಿಗೇ ಕುಳಿತೆ, ಎದ್ದರೆ ಮತ್ತೆ ಹಾರಿಸುತ್ತಾನೆ. ಊಟ ಸಂಜೆಗೆ ಹೋಯಿತು.

ಪರೀಕ್ಷೆ ಮುಗಿಸಿ ಹುಡುಗಿ ಫೋನ್ ಮಾಡಿದಳು. ಚೆನ್ನಾಗಿ ಬರೆದಿದ್ದಳು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಂದದ್ದು ತಮ್ಮ ಓದಿದ ಪಾಠದಿಂದ, ಸರ್‌ಗೆ ತಪ್ಪದೆ ಹೇಳಿ ಎಂದಳು. ನಾನು ಅವನಿಗೆ ಇನ್ನೂ ಹೇಳಿಲ್ಲ.