ಡಾಕ್ಟರ ಸ್ಟೆಂಟಿನ ಎಳೆ ಬಿಡಿಸಿದ ಅವ್ವ

2008ರ ಬೇಸಿಗೆ. ನಾನಾಗ ಚಳ್ಳಕೆರೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಅವ್ವ ಮೊಳಕಾಲ್ಮೂರಿನಲ್ಲೇ ಇದ್ದು ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಅದೇ ಮಗ್ಗ. ಒಂದು ಭಾನುವಾರ ಊರಿಗೆ ಹೋದರೆ ಅವ್ವ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೇಯುತ್ತಾ ಕೂತಿದ್ದಳು.

"ಎರಡೂ ಕಣ್ಣು ಬಿಟ್ರೆ ಒಂದೆಳೆ ಎರಡಾಗಿ ಕಾಣ್ತೈತೆ ಕಣೇ. ಹಿಂಗೆ ಕಟ್ಕಂಡ್ರೆ ಸರಿಯಾಗ್ತೈತೆ" ಎಂದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, "ಒಂದು ಸೀರೆ ಮುಗೀತು" ಅಂದಳು. ಅಂದರೆ ವಾರದ ಮೇಲಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಬೈದು, ದಾವಣಗೆರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಮೆದುಳಿಗೆ ಹೋಗುವ ರಕ್ತನಾಳ ಕಣ್ಣಿನ ಹಿಂದೆ ತಿರುಗುವ ಕಡೆ ಅದರ ಗೋಡೆ ತೆಳ್ಳಗಾಗಿ ಗುಳ್ಳೆಯಂತೆ ಉಬ್ಬಿತ್ತು. ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದರು. ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಮೆದುಳಿನ ಡಾಕ್ಟರೊಬ್ಬರು ಬರುತ್ತಿದ್ದರು. ಪುಣ್ಯಕ್ಕೆ ಅವರು ಬರುವ ದಿನ ಹತ್ತಿರವೇ ಇತ್ತು. ಅವರಿಗೆ ತೋರಿಸಿದೆ.

"ತಲೆ ತೆರೆಯೋದು ಬೇಡಮ್ಮ. ತೊಡೆಯ ರಕ್ತನಾಳದಿಂದ ಹೋಗಿ ಗುಳ್ಳೆಯೊಳಗೆ ಕೂದಲಿನಂಥ ತಂತಿ ತುಂಬ್ತೀವಿ. ಅದು ಹೊರಗೆ ಜಾರದ ಹಾಗೆ, ರಕ್ತ ಒಳಗೆ ನುಗ್ಗದ ಹಾಗೆ, ಗುಳ್ಳೆಯ ಬಾಯಿಗೆ ಅಡ್ಡಲಾಗಿ ಸ್ಟೆಂಟ್ ಅನ್ನೋ ಜಾಲರಿ ಕೊಳವೆ ಕೂರಿಸ್ತೀವಿ" ಎಂದರು ಡಾಕ್ಟರು.

"ಕಣ್ಣಾರೆ ನೋಡ್ದೇ ಇರೋ ಸಾಮಾನ್ನ ನಾನು ತಲೆಯೊಳಗೆ ಹಾಕ್ಸಿಕಣಲ್ಲ ಡಾಕ್ಟ್ರೇ" ಎಂದಳು ಅವ್ವ. ಮನೆಯಲ್ಲೂ ಎರಡು ದಿನದಿಂದ ಚಿಕಿತ್ಸೆಯೇ ಬೇಡ ಎಂದು ಹಟ ಹಿಡಿದಿದ್ದಳು. ನಾನು "ಸುಮ್ಕಿರವ್ವ" ಎಂದು ಗದರಿದೆ. ಡಾಕ್ಟರು ನಕ್ಕು, ರೋಗಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಮಾದರಿಯೊಂದನ್ನು ಬ್ಯಾಗಿನಿಂದ ತೆಗೆದು ಅವಳ ಅಂಗೈಗಿಟ್ಟರು. ಬೆರಳುದ್ದದ ಕೊಳವೆ, ಬೆಳ್ಳಿ ಬಣ್ಣದ ಸಣ್ಣ ಎಳೆಗಳಿಂದ ಹೆಣೆದದ್ದು.

ನಮ್ಮ ಕಡೆ ನೇಯುವವರ ಕೈಗೆ ಹೆಣೆದದ್ದು ಏನು ಸಿಕ್ಕಿದರೂ ಸುಮ್ಮನೆ ನೋಡಿ ವಾಪಸು ಕೊಡುವುದಿಲ್ಲ. ತುದಿಯಿಂದ ಎಳೆ ಬಿಡಿಸಿ ನೋಡಿದರೇ ಅವರಿಗೆ ಸಮಾಧಾನ. ಡಾಕ್ಟರು ನನ್ನ ಕಡೆ ತಿರುಗಿ ಏನೋ ಹೇಳುವಷ್ಟರಲ್ಲಿ ಅವ್ವ ಉಗುರಿನಿಂದ ಎರಡು ಎಳೆ ಬಿಡಿಸಿಯೇ ಬಿಟ್ಟಿದ್ದಳು. ಕೊಳವೆಯ ತುದಿ ಪೊರಕೆಯ ಹಾಗೆ ಕೆದರಿತ್ತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. "ಅದೆಷ್ಟು ದುಬಾರಿಯೋ ಏನೋ, ನಿನಗೆ ಬುದ್ಧಿ ಐತಾ?" ಎಂದೆ.

ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊಳವೆಯನ್ನು ಕೊಂಚ ಎಳೆದಳು. ಅದು ಸಣ್ಣಗಾಗಿ, ಎಳೆಗಳ ನಡುವೆ ಸಂದು ಬಿಟ್ಟಿತು. ಎರಡೂ ತುದಿಯಿಂದ ಒತ್ತಿದಳು. ಗಿಡ್ಡವಾಗಿ ಎಳೆ ಒತ್ತೊತ್ತಾಯಿತು. ಆಮೇಲೆ ಬೆರಳ ಮೇಲೆ ಬಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

"ಡಾಕ್ಟ್ರೇ, ಬಗ್ಗಿಸಿದ್ರೆ ಒಳಮಗ್ಗುಲಾಗೆ ಎಳೆ ಒತ್ತಾಗ್ತವೆ, ಹೊರಮಗ್ಗುಲಾಗೆ ಸಂದು ಬಿಡ್ತವೆ. ನನ್ನ ಗುಳ್ಳೆ ಯಾವ ಮಗ್ಗುಲಾಗೈತೆ?"

ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಮತ್ತೊಮ್ಮೆ ನೋಡಿ, "ಹೊರಮಗ್ಗುಲಲ್ಲೇ ಅಮ್ಮ" ಎಂದರು.

"ಅಲ್ಲೇ ಸಂದು ಬಿದ್ರೆ ಹಾಕಿ ಏನು ಬಂತು?"

ಅವರು ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತರು. "ನಮಗೂ ಇರೋ ಚಿಂತೆ ಅದೇ. ನೆಟ್ಟಗಿದ್ದಾಗ ಅದರ ಆಕಾರ ಒಂದು ಥರ, ನಾಳದೊಳಗೆ ಬಗ್ಗಿದಾಗ ಇನ್ನೊಂದು ಥರ. ಅದಕ್ಕೇ ತಿರುವಿನಲ್ಲಿ ಎಳೀಬಾರದು, ಹಿಂದಿನಿಂದ ಒತ್ತಿ ಒತ್ತಿ ಬಿಡಬೇಕು. ಆಗ ಗುಳ್ಳೆಯ ಬಾಯಿ ಹತ್ತಿರ ಎಳೆ ಒತ್ತಾಗಿ ಕೂರುತ್ತೆ."

"ನಾವೂ ಮಗ್ಗದಾಗೆ ಅಡ್ಡ ಎಳೆ ಹಾಕಿದ ಮೇಲೆ ಬಡಿದೇ ಕೂರ್ಸೋದು" ಎಂದಳು ಅವ್ವ. "ಜಾಸ್ತಿ ಒತ್ತಿದ್ರೆ ಉಬ್ಬುತೈತೆ. ನೋಡ್ಕಂಡು ಒತ್ರಿ."

ಡಾಕ್ಟರು ತಲೆಯಾಡಿಸಿದರು. ಅವ್ವ ಬಿಡಿಸಿದ ಎಳೆಗಳನ್ನು ಮೇಲೊಂದು ಕೆಳಗೊಂದು ಮತ್ತೆ ಸೇರಿಸಿ ಕೊಳವೆ ವಾಪಸು ಕೊಟ್ಟು, "ಯಾವತ್ತು ಬರ್ಬೇಕು ಹೇಳ್ರಿ" ಎಂದಳು. ನಾನು ಅತ್ತೂ ಕರೆದೂ ಒಪ್ಪಿಸಲಾಗದ್ದು ಅಷ್ಟಕ್ಕೇ ಮುಗಿಯಿತು.

ಚಿಕಿತ್ಸೆ ಬೆಂಗಳೂರಿನಲ್ಲಿ ಆಯಿತು. ಅವ್ವ ಒಳಗಿದ್ದಷ್ಟು ಹೊತ್ತೂ ನಾನು ಹೊರಗೆ ಬೆಂಚಿನ ಮೇಲೆ ಕೂತು, ನಮ್ಮೂರ ಹತ್ತಿರದ ಜಟಿಂಗ ರಾಮೇಶ್ವರನ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆ ಎಂದು ಹರಕೆ ಹೊತ್ತೆ. ಕೊನೆಗೆ ಡಾಕ್ಟರು ಬಂದು, "ಎಳೆ ಒತ್ತಾಗಿಯೇ ಕೂತಿದೆ, ಎಚ್ಚರವಾದ ಮೇಲೆ ನಿಮ್ಮ ತಾಯಿಗೆ ಹೇಳಿ" ಎಂದಾಗ ಅಳು ತಡೆಯಲಾಗಲಿಲ್ಲ.

ಆರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಹೋದೆವು. ಗುಳ್ಳೆ ಮುಚ್ಚಿಕೊಂಡಿತ್ತು. ಅವ್ವ ಆಗಲೇ ಕಣ್ಣಿಗೆ ಬಟ್ಟೆ ಕಟ್ಟದೆ ನೇಯುತ್ತಿದ್ದಳು. ಡಾಕ್ಟರು ತಮ್ಮ ಜೊತೆಗಿದ್ದ ನಾಲ್ಕೈದು ಕಿರಿಯ ಡಾಕ್ಟರುಗಳನ್ನು ಕರೆದು, "ಇವರು ಮೊಳಕಾಲ್ಮೂರಿನ ನೇಕಾರರು. ಸ್ಟೆಂಟ್ ಬಗ್ಗಿದರೆ ಏನಾಗುತ್ತೆ ಅಂತ ಇವರನ್ನ ಕೇಳಿ" ಎಂದರು. ಅವ್ವ ಸೆರಗು ಸರಿಮಾಡಿಕೊಂಡು, ಅವರು ಕೊಟ್ಟ ಕೊಳವೆಯನ್ನು ಬೆರಳ ಮೇಲೆ ಬಗ್ಗಿಸಿ ತೋರಿಸತೊಡಗಿದಳು. ಅವರೆಲ್ಲ ಬಾಗಿ ನೋಡುತ್ತಿದ್ದರು. ನನಗೆ ಎದೆ ತುಂಬಿ ಬಂತು.

ಅವರಲ್ಲೊಬ್ಬಳು ನನ್ನ ಕಡೆ ತಿರುಗಿ "ನೀವು?" ಎಂದಳು. ಎಲ್ಲಿಗೆ ಹೋದರೂ ಟೀಚರ್ ಎಂದು ಮೊದಲೇ ಹೇಳಿಕೊಳ್ಳುವವಳು ನಾನು. ಅವತ್ತು ಮಾತ್ರ, "ಇವರ ಮಗಳು" ಎಂದೆ.