ಕೊಳಕುಮಂಡಲ ಹೇಳಿದ್ದು, ನೀಲತ್ತಿಗೆ ಕೇಳದ್ದು

ಕುಕ್ಕರ್ ಸೀಟಿ ಹೊಡೆಯುವುದಕ್ಕೆ ಮುಂಚೆ, ಒಳಗಿನ ಉಗಿಯೆಲ್ಲ ಹೊರಗೆ ಬರಲು ಹವಣಿಸುವಾಗ, ಸುಸ್ ಎಂದು ಒಂದು ಸದ್ದು ಏಳುತ್ತದೆ. ಬೆಟಗೇರಿಯ ನನ್ನ ಅಡುಗೆಮನೆಯಲ್ಲಿ ಅದು ದಿನವೂ ಏಳುತ್ತದೆ, ದಿನವೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಬೇಯುತ್ತಿರುವ ಬೇಳೆಯ ವಾಸನೆ ಎಲ್ಲೋ ಹೋಗಿ, ಬಿಸಿಲಿಗೆ ಕಾದ ಹತ್ತಿಕಟ್ಟಿಗೆಯ ಒಣ ವಾಸನೆ ಮೂಗಿಗೆ ಬರುತ್ತದೆ. ಹೊಂಬಳದ ದಾರಿಯ ನಮ್ಮ ಹೊಲದ ಮನೆ, ಅದರ ಹಿತ್ತಲು, ಅಲ್ಲಿ ಬಾಗಿ ನಿಂತ ನೀಲತ್ತಿ, ಎಲ್ಲ ನೀರಿನೊಳಗಿನ ಚಿತ್ರದ ಹಾಗೆ ಅಲುಗಾಡುತ್ತ ಮೇಲೆ ಬರುತ್ತವೆ. ನಿಮಗೂ ಅಂಥದೊಂದು ಸದ್ದು ಇದ್ದೀತು, ಕೇಳಿದ ಕೂಡಲೇ ಇದ್ದ ಜಾಗ ಮರೆಸುವಂಥದು.

ಆ ಮನೆ ಊರಿನಿಂದ ದೂರ, ಎರೆಹೊಲದ ನಡುವೆ ಇತ್ತು. ಮಣ್ಣಿನ ಮಾಳಿಗೆ, ಮುಂದೊಂದು ಬೇವಿನ ಮರ, ಹಿಂದೆ ಜೋಳದ ಕಣಿಕೆಯ ಬಣವೆ, ಅದರ ಮಗ್ಗುಲಿಗೆ ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆ. ಬೇಸಿಗೆ ಬಂತೆಂದರೆ ಕಪ್ಪು ನೆಲ ಬಾಯಿ ಬಿಡುತ್ತಿತ್ತು. ಆ ಬಿರುಕುಗಳಲ್ಲಿ ಹಾವುಗಳ ಸಂಸಾರ. ಅವುಗಳ ನಡುವೆಯೇ ನಾವು ಆಡಿದೆವು, ಉಂಡೆವು, ಮಲಗಿದೆವು. ನಾಗರಹಾವು ಅಂಗಳ ದಾಟಿದರೆ ಆಯಿ, ಅಂದರೆ ನಮ್ಮಪ್ಪನ ತಾಯಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಮುಗಿದು ನಿಲ್ಲುತ್ತಿದ್ದಳು. ಅದು ಬೇಲಿಯೊಳಗೆ ಮರೆಯಾಗುವ ತನಕ ಯಾರೂ ಅಲುಗುವಂತಿರಲಿಲ್ಲ. ಕೊಳಕುಮಂಡಲಕ್ಕೆ ಮಾತ್ರ ಕೈಮುಗಿಯುವವರಿರಲಿಲ್ಲ. ಅದು ಕಂಡರೆ ಬಡಿಗೆಯೇ ಹೊರಬರುತ್ತಿತ್ತು.

ನೀಲತ್ತಿ ಅಪ್ಪನ ಅಕ್ಕ. ಮಾತು ಕಲಿಯುವ ಮೊದಲೇ ಜ್ವರ ಬಂದು ಕಿವಿ ಹೋಗಿತ್ತು, ಹಾಗಾಗಿ ಮಾತೂ ಬರಲಿಲ್ಲ. ಮದುವೆಯಾಗದೆ ನಮ್ಮ ಜೊತೆಗೇ ಉಳಿದಳು. ಅವಳ ಮಾತೆಲ್ಲ ಕೈಯಲ್ಲಿತ್ತು. ಮನೆಯವರಿಗೆ ಉಣ್ಣು, ಬಾ, ಹೋಗು ಇಷ್ಟು ತಿಳಿಯುತ್ತಿತ್ತು. ನಾನು ಅವಳ ಮಡಿಲಲ್ಲಿ ಬೆಳೆದವಳು, ನನಗೆ ಪೂರಾ ತಿಳಿಯುತ್ತಿತ್ತು. ಮಧ್ಯಾಹ್ನ ಬೇವಿನ ನೆರಳಲ್ಲಿ ನನ್ನ ತಲೆ ಬಾಚುತ್ತ ಬಾಚುತ್ತ ಹಣಿಗೆ ಬದಿಗಿಟ್ಟು ಅವಳು ನನಗೆ ಹಾವುಗಳ ಪಾಠ ಹೇಳುತ್ತಿದ್ದಳು. ಅಂಗೈಯನ್ನು ಭುಜದ ಎತ್ತರಕ್ಕೆ ಬಾಗಿಸಿ ಹಿಡಿದರೆ ನಾಗರ. ಮೊಳಕೈ ತನಕ ಬಳೆ ಇಟ್ಟ ಹಾಗೆ ಬೆರಳಿನಿಂದ ಗೆರೆ ಎಳೆದರೆ ಕಟ್ಟುಹಾವು. ಹೆಬ್ಬೆರಳು ತೋರುಬೆರಳು ಕೂಡಿಸಿ, ಅದರ ಬೆನ್ನ ಮೇಲಿನ ಗುರುತಿನ ಹಾಗೆ, ಸರಪಳಿಯ ಕೊಂಡಿಗಳನ್ನು ಒಂದಕ್ಕೊಂದು ಪೋಣಿಸಿದರೆ ಕೊಳಕುಮಂಡಲ. ಅವಳ ಕೈ ನೋಡುತ್ತ ಕೂತರೆ ಹಾವುಗಳ ಮೇಲೆ ಭಯಕ್ಕಿಂತ ಪ್ರೀತಿಯೇ ಹುಟ್ಟುತ್ತಿತ್ತು.

ಸುಗ್ಗಿ ಮುಗಿದ ದಿನಗಳು. ಚಹಾದ ಹೊತ್ತಾಗಿತ್ತು. ನೀಲತ್ತಿ ಒಲೆಗೆ ಕಟ್ಟಿಗೆ ತರಲು ಹಿತ್ತಲಿಗೆ ಹೋದಳು. ನಾನು ದೂರದಲ್ಲಿ ಒಗೆಯುವ ಕಲ್ಲಿನ ಬಳಿ ಕಾಲು ತೊಳೆಯುತ್ತಿದ್ದೆ. ಆಗ ಆ ಸದ್ದು ಕೇಳಿತು. ಕಟ್ಟಿಗೆಯ ಒಟ್ಟಿಲಿನೊಳಗಿಂದ ಯಾರೋ ಉಸಿರು ಕಟ್ಟಿ ಬಿಟ್ಟಂತೆ, ನಿಲ್ಲದೆ, ಏರುತ್ತ ಏರುತ್ತ. ನೀಲತ್ತಿ ಬಾಗಿ ಕಟ್ಟಿಗೆ ಎಳೆಯುತ್ತಲೇ ಇದ್ದಳು. ಉಪಯೋಗವಿಲ್ಲವೆಂದು ಗೊತ್ತಿದ್ದೂ ಕೂಗಿದೆ. ಕೈಯಲ್ಲಿದ್ದ ಚರಿಗೆ ಎಸೆದೆ. ಅದು ಅವಳ ಕಾಲ ಬಳಿ ಬೀಳುವಷ್ಟರಲ್ಲಿ ಅವಳು ಬಲಗೈ ಹಿಂದಕ್ಕೆ ಎಳೆದುಕೊಂಡಿದ್ದಳು. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, ಬೆರಳುಗಳಿಂದ ನಿಧಾನಕ್ಕೆ ಕೊಂಡಿಗೆ ಕೊಂಡಿ ಪೋಣಿಸಿದಳು.

ಪಕ್ಕದ ಹೊಲದವರೆಲ್ಲ ಕೂಡಿದರು. ಯಾರೋ ಬಡಿಗೆಯಿಂದ ಹಾವನ್ನು ಹೊಡೆದು ಹಾಕಿದರು. ಗುಡಿಗೆ ಒಯ್ಯೋಣ, ಅಲ್ಲಿ ವಿಷ ಇಳಿಸುವವರು ಇದ್ದಾರೆ ಎಂದು ಹಿರಿಯರು ಅಪ್ಪನಿಗೆ ಹೇಳಿದರು. ಅಪ್ಪ ಹೂಂ ಎಂದು ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ಆಯಿ ಮುಂದೆ ಬಂದಳು. ನಾನು ಹುಟ್ಟುವ ಮೊದಲೇ ನಮ್ಮಜ್ಜ ಹಾವು ಕಚ್ಚಿ ಸತ್ತಿದ್ದ.

“ನಿಮ್ಮಪ್ಪನ್ನ ಗುಡಿ ಕಟ್ಟಿ ಮ್ಯಾಲ ಮಲಗಿಸಿ ನಾ ದಾರಿ ಕಾದೀನಿ,” ಅಂದಳು. “ಇಕಿನ್ನ ಮಲಗಸೂದಿಲ್ಲ. ದವಾಖಾನಿಗೆ ನಡೀರಿ.”

ಶೇಂಗಾ ಚೀಲ ಒಯ್ಯಲು ಟೆಂಪೋ ತಂದಿದ್ದ ಇಮಾಮಸಾಬ್ ಕಾಕಾ ಅಷ್ಟರಲ್ಲೇ ಹೇರಿದ್ದ ಚೀಲಗಳನ್ನು ಕೆಳಗೆ ಉರುಳಿಸತೊಡಗಿದ್ದರು. “ಗಾಡಿ ಖಾಲಿ ಆತ್ರಿ ಅವ್ವಾರ, ಜಲ್ದಿ ಹತ್ರಿ,” ಅಂದರು. ಆಯಿ ನನ್ನನ್ನೂ ಹತ್ತಿಸಿಕೊಂಡಳು, ನೀಲತ್ತಿಯ ಕೈಮಾತು ಡಾಕ್ಟರರಿಗೆ ಹೇಳುವವರು ಬೇರೆ ಯಾರಿದ್ದರು.

ಗದುಗಿನ ದಾರಿ ಅವತ್ತು ಕನಸಿನ ಹಾಗೆ ಉದ್ದವಾಗಿತ್ತು. ಕೊಯ್ದ ಜೋಳದ ಕೂಳೆಗಳ ಮೇಲೆ ಹಳದಿ ಬಿಸಿಲು, ಧೂಳಿನಲ್ಲಿ ತೇಲಿ ಬರುವ ಮನೆಗಳು, ನನ್ನ ತೊಡೆಯ ಮೇಲೆ ನೀಲತ್ತಿಯ ಕೈ. ಅದು ಊದುತ್ತ ಹೋಯಿತು, ಹಸಿರು ಬಳೆಗಳು ಚರ್ಮದೊಳಗೆ ಹೂತವು. ಬಳೆ ಒಡೆದರೆ ಅಪಶಕುನ ಎನ್ನುತ್ತಿದ್ದ ಆಯಿಯೇ ಬಾಯಿ ಬಿಗಿಹಿಡಿದು ಅವನ್ನು ಒಡೆದಳು. ದವಾಖಾನೆಯಲ್ಲಿ ಡಾಕ್ಟರರು ಕೇಳಿದ್ದನ್ನು ನಾನು ಅವಳಿಗೆ ಹೇಳಿದೆ, ಅವಳ ಎಡಗೈ ಹೇಳಿದ್ದನ್ನು ಅವರಿಗೆ ಹೇಳಿದೆ. ಒಸಡಿನಿಂದ ರಕ್ತ ಬರುತ್ತಿದ್ದಾಗಲೂ ಅವಳು ನನ್ನನ್ನು ಕೇಳಿದ್ದು, ಎಮ್ಮೆ ಹಿಂಡಿದರೇ ಎಂದು. ಅದನ್ನು ಮಾತ್ರ ನಾನು ಡಾಕ್ಟರರಿಗೆ ಹೇಳಲಿಲ್ಲ.

ನೀಲತ್ತಿ ಬದುಕಿದಳು. ಆದರೆ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಅವಳ ಕೈಮಾತಿಗೆ ತೊದಲು ಬಂತು. ಒಂದು ಮಧ್ಯಾಹ್ನ ಬೇವಿನ ಕೆಳಗೆ ಕೂತಾಗ ಅವಳು ಕೇಳಿದಳು: ನೀನು ದೂರ ಇದ್ದೆ, ಅದು ಒಳಗೆ ಇತ್ತು, ನಿನಗೆ ಹೇಗೆ ಕಂಡಿತು? ಕಾಣಲಿಲ್ಲ, ಕೇಳಿಸಿತು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹಾವಿಗೆ ದನಿ ಇದೆಯೆಂದು ಆ ವಯಸ್ಸಿನ ತನಕ ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಅಂಗೈಯನ್ನು ನನ್ನ ಬಾಯಿಯ ಬಳಿ ತಂದು, ಹಲ್ಲು ಕಚ್ಚಿ, ಉಸಿರು ಮುಗಿಯುವ ತನಕ ಊದಿದೆ. ಬೆಚ್ಚಗಿನ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವವಳ ಹಾಗೆ ಅವಳು ಅಂಗೈ ಮುಚ್ಚಿದಳು. ಆಮೇಲೆ ತೊದಲುವ ಕೈಯಿಂದ ಹೇಳಿದಳು: ಪಾಪ, ಅದು ಹೇಳಿತ್ತು. ನನಗೆ ಕೇಳಲಿಲ್ಲ. ಅದನ್ನು ಯಾಕೆ ಕೊಂದಿರಿ?

ಅವಳು ಎದ್ದು ಹಿತ್ತಲಿಗೆ ಹೋಗಿ, ಹೊಡೆದ ಹಾವನ್ನು ಅವತ್ತು ಸುಟ್ಟಿದ್ದ ಕಪ್ಪು ಜಾಗದ ಮೇಲೆ ಒಂದು ಬೊಗಸೆ ಮಣ್ಣು ಹಾಕಿ ಬಂದಳು. ಅಂದಿನಿಂದ ನಮ್ಮ ಹಿತ್ತಲಲ್ಲಿ ಕೊಳಕುಮಂಡಲ ಕಂಡರೂ ಬಡಿಗೆ ಎತ್ತಲು ಅವಳು ಬಿಡಲಿಲ್ಲ.

ಆಯಿ ಹೋದಳು. ಬಾವಿ ಬತ್ತಿದ ಮೇಲೆ ನಾವೆಲ್ಲ ಊರೊಳಗಿನ ಮನೆಗೆ ಬಂದೆವು. ಹೊಲದ ಮನೆಯ ಮಾಳಿಗೆ ಒಂದು ಮಳೆಗೆ ಕುಸಿಯಿತು, ಈಗ ಅಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನು ತಿರುಗುತ್ತದೆ. ಒಂದು ಚಳಿಗಾಲದ ಬೆಳಿಗ್ಗೆ ನೀಲತ್ತಿ ಏಳಲಿಲ್ಲ. ನಾನು ಬೆಟಗೇರಿಯಿಂದ ಬರುವ ಹೊತ್ತಿಗೆ ಅವಳನ್ನು ಗೋಡೆಗೆ ಆನಿಸಿ ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೆಂಗಸರು ಅವಳ ಹೆಸರು ಹಿಡಿದು ಹಾಡಾಡಿಕೊಂಡು ಅಳುತ್ತಿದ್ದರು. ನಾನು ಅವಳ ಎದುರು ಕೂತು, ಹೇಳಬೇಕಾದದ್ದನ್ನೆಲ್ಲ ಕೈಯಲ್ಲೇ ಹೇಳತೊಡಗಿದೆ. ಓಣಿಯ ಹಿರಿಯಳೊಬ್ಬಳು ಹತ್ತಿರ ಬಂದು ಮೆಲ್ಲಗೆ ನನ್ನ ಕೈಗಳನ್ನು ಹಿಡಿದಳು. “ಕೈ ಯಾಕ ಹಂಗ ಆಡಸ್ತೀಯವಾ, ಬಾಯಿ ಬಿಟ್ಟು ಅತ್ತು ಹಗರಾಗು,” ಅಂದಳು.

ನಾನು ಕೈಗಳನ್ನು ಮಡಿಲಲ್ಲಿ ಮಡಚಿಟ್ಟುಕೊಂಡೆ. ಆ ಕೈಮಾತನ್ನು ಮತ್ತೆ ಯಾರೊಂದಿಗೂ ಆಡಿಲ್ಲ.