ಸೊಸೆ ಆರಿಸಿದ ಜಾಗ

ಹೋದ ವಾರ ಹಿಮಾಯತ್‌ನಗರದಲ್ಲಿ ಬಟ್ಟೆ ಕೊಂಡು ಹೊರಬರುವಾಗ ಬೀದಿಬದಿಯ ಹೂವಿನ ಬುಟ್ಟಿಯೊಂದು ಕೈಗೆ ತಾಗಿತು. ಅಂಚಿಗೆ ಇಳಿಬಿದ್ದಿದ್ದ ಚೆಂಡುಹೂವಿನ ಎಲೆ ಬೆರಳಲ್ಲಿ ನುರಿದು, ಆ ಖಾರವಾದ ವಾಸನೆ ಮನೆ ಮುಟ್ಟುವ ತನಕ ಹೋಗಲಿಲ್ಲ. ನನ್ನ ಪಾಲಿಗೆ ಅದು ಮಾವನವರ ಕೈಯ ವಾಸನೆ...

ನಾನು ಮದುವೆಯಾಗಿ ಕಲಬುರಗಿಯಿಂದ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ಮನೆಗೆ ಬಂದಾಗ ಮಾವ ರೈಲ್ವೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ನೌಕರಿಯ ವರ್ಷಗಳೆಲ್ಲ ಕ್ವಾರ್ಟರ್ಸಿನಲ್ಲೇ ಕಳೆದಿದ್ದವು. ಎಲ್ಲಿ ಹೂಗಿಡ ಹಚ್ಚಿದರೂ ಮೊಗ್ಗು ಬಿಡುವ ಹೊತ್ತಿಗೆ ವರ್ಗಾವಣೆ. ಸ್ವಂತ ಮನೆಯಲ್ಲಾದರೂ ಹೂದೋಟ ಮಾಡಲೇಬೇಕೆಂದು ಹಟ ಹಿಡಿದಿದ್ದರು. ಅದನ್ನು ಎಲ್ಲಿ ಮಾಡಬೇಕೆಂಬುದೇ ಮನೆಯ ಜಗಳವಾಗಿತ್ತು.

ಅತ್ತೆಗೆ ಹಿತ್ತಲಲ್ಲಿ ಆಗಬೇಕು. ನಲ್ಲಿ ಅಲ್ಲೇ ಇತ್ತು, ಪಾತ್ರೆ ತೊಳೆದ ನೀರು ವ್ಯರ್ಥವಾಗುವುದಿಲ್ಲ ಎಂಬುದು ಅವರ ವಾದ. ನನ್ನ ಗಂಡನಿಗೆ ಗೇಟಿನ ಪಕ್ಕವೇ ಬೇಕು, ಹೋಗಿಬರುವವರು ನೋಡಬೇಕು. ಮಾವ ಮುಂಜಾನೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಸುಮ್ಮನೆ ನಿಂತಿರುತ್ತಿದ್ದರು.

ಒಂದು ಭಾನುವಾರ ಚಹಾ ಕುಡಿಯುವಾಗ ಮತ್ತೆ ಅದೇ ಮಾತು ಎದ್ದಿತು. ನಾನು ಖಾಲಿ ಕಪ್ಪು ಒಯ್ಯಲು ಬಂದಿದ್ದೆ. ಮಾವ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿದರು.

"ನೀ ಹೇಳವಾ, ಎಲ್ಲಿ ಮಾಡೂಣು?"

ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಇಂದು ಯಾವ ಪಲ್ಯ ಮಾಡಲಿ ಎಂಬುದನ್ನು ಕೂಡ ನಾನೇ ಕೇಳಿ ತಿಳಿಯಬೇಕಿತ್ತು.

"ಅಕಿಗೇನ್ ಗೊತ್ತೈತ್ರಿ, ಮೊನ್ನೆ ಬಂದಾಕಿ," ಎಂದರು ಅತ್ತೆ. ಮಾವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಟ್ಟಿ ಹಾಕೋ ಹಗ್ಗದ ಕಡೆ ಮಾಡ್ರಿ, ಮಾವಾರ," ಎಂದೆ. "ಮೂಡಲ ಗ್ವಾಡಿ ಬಾಜೂಕ ಮುಂಜಾನಿಂದ ಬಿಸಲು ಇರ್ತೈತ್ರಿ, ಬಟ್ಟಿ ಲಗೂ ಒಣಗ್ತಾವ. ಮಧ್ಯಾಹ್ನ ಆದಮ್ಯಾಲ ಮನಿ ನೆಳ್ಳು ಬೀಳ್ತೈತಿ. ಹಿತ್ತಲಾಗ ಬೇವಿನ ಗಿಡದ ನೆಳ್ಳಿಗೆ ಚಾದರ ಸಂಜಿತನಾ ಹಸೀನ ಇರ್ತಾವ್ರಿ. ಗೇಟ್ ಪಡುವಣಕ್ಕ ಐತಿ, ಬ್ಯಾಸಿಗ್ಯಾಗ ಮೊಗ್ಗಿ ಸುಟ್ಟು ಹೋಗ್ತಾವ."

ಮಾವ ಎದ್ದು ಹೋಗಿ ಹಾರೆ ತಂದರು.

ಒಂದು ಮೊಳ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಕೆಳಗೆ ಹಾಸುಬಂಡೆ. ಈ ಊರಿನಲ್ಲಿ ಅದು ಎಲ್ಲಿ ತಲೆ ಎತ್ತುತ್ತದೋ ಹೇಳಲಾಗದು. ಮಾವ ಗುಂಡಿಗೆ ಒಂದು ಬಕೆಟ್ ನೀರು ಸುರಿದರು. ಮಧ್ಯಾಹ್ನವಾದರೂ ಇಂಗಲಿಲ್ಲ.

"ತ್ವಾಟ ಅಲ್ಲಪ್ಪಾ, ಬಾವಿ ಆತು!" ಎಂದು ನನ್ನ ಗಂಡ ನಕ್ಕರು. ನಾನು ಅಡುಗೆಮನೆ ಸೇರಿ, ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತ ನಿಂತೆ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು.

"ಇನ್ನರ ನನ್ನ ಮಾತು ಕೇಳ್ರಿ, ಹಿತ್ತಲಾಗ ಮಾಡ್ರಿ," ಎಂದರು ಅತ್ತೆ.

ಮಾವನ ದನಿ ಏರಲಿಲ್ಲ. "ಮಣ್ಣು ಹೊತ್ತು ತರಬಹುದು. ಬಿಸಲು ಹೊತ್ತು ತರಾಕ ಬರ್ತೈತೇನು? ಅಕಿ ಹೇಳಿದ್ದು ಖರೆ ಐತಿ. ತ್ವಾಟ ಇಲ್ಲೇ."

ಮಣ್ಣು ತುಂಬಲು ಬಂಡೆಯ ಮೇಲೆಯೇ ಮೊಣಕಾಲೆತ್ತರಕ್ಕೆ ಕಲ್ಲಿನ ಕಟ್ಟೆ ಎದ್ದಿತು. ನೀರು ನಿಲ್ಲದಂತೆ ಮಾವ ಬುಡದಲ್ಲಿ ಅಲ್ಲಲ್ಲಿ ಸಂದು ಬಿಟ್ಟರು. ನಕ್ಕಿದ್ದ ಮಗನೇ ಕೆಮ್ಮಣ್ಣನ್ನೂ ಸಗಣಿ ಗೊಬ್ಬರವನ್ನೂ ಹೊತ್ತು ಹಾಕಿದರು. ಚೆಂಡುಹೂ, ಸೇವಂತಿಗೆ, ಕನಕಾಂಬರ... ಮಳೆಗಾಲ ಮುಗಿಯುವಷ್ಟರಲ್ಲಿ ಆ ಗೋಡೆಯ ಬಣ್ಣವೇ ಕಾಣದಾಯಿತು.

ಹೂಗಳನ್ನು ಗೋಪುರದಂತೆ ಪೇರಿಸಿ ಪೂಜಿಸುವ ಬತುಕಮ್ಮ ಹಬ್ಬ ಬಂತು. ಓಣಿಯ ಹೆಂಗಸರು ಹೂವಿಗಾಗಿ ತಟ್ಟೆ ಹಿಡಿದು ಬಂದು, ಇಷ್ಟೊಂದು ಹೂವೇ ಎಂದು ಬೆರಗಾದರು. ಮಾತು ಕಡಿಮೆಯ ಮಾವ ಅಂದು ಅಂಗಳದ ನಡುವೆ ನಿಂತು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದರು: "ಇದಿ ಮಾ ಕೋಡಲಿ ತೋಟ." ಇದು ನಮ್ಮ ಸೊಸೆಯ ತೋಟ! ಒಬ್ಬೊಬ್ಬರು ಬಂದಾಗಲೂ ಅದನ್ನೇ ಹೇಳಿದರು. ಮರುವರ್ಷ ಅತ್ತೆಯೇ ಪಕ್ಕದ ಮನೆಯಾಕೆಗೆ, "ಜಾಗಾ ನಮ್ಮ ಸೊಸಿ ಆರಿಸಿದ್ರಿ," ಎನ್ನುವುದನ್ನು ಕಿವಿಯಾರೆ ಕೇಳಿದೆ. ಓಣಿಯಲ್ಲಿ ಹೊಸ ಮನೆ ಕಟ್ಟಿದವರು ಗಿಡ ಹಚ್ಚುವ ಮೊದಲು ನನ್ನನ್ನು ಕರೆಯತೊಡಗಿದರು. ನಾನು ತಲೆ ಎತ್ತಿಕೊಂಡೇ ಹೋಗುತ್ತಿದ್ದೆ.

ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಹೋದ ವರ್ಷ ಮೂಡಣ ಬದಿಯ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಎದ್ದು ಅವರ ಕಟ್ಟೆಗೆ ಬಿಸಿಲೇ ಇಲ್ಲವಾಯಿತು. ಗಿಡಗಳು ಬಿಳಿಚಿಕೊಂಡವು. ಮೊನ್ನೆ ಆ ಮಣ್ಣನ್ನೆಲ್ಲ ಮಾಳಿಗೆಗೆ ಸಾಗಿಸಿ, ಒಳ್ಳೆಯ ಮೂಲೆ ನೋಡಿ ಹೊಸ ಮಡಿ ಮಾಡಿಸಿದೆ. ಯಾರೂ ಅಡ್ಡ ಮಾತಾಡಲಿಲ್ಲ. ಎಲ್ಲಿ ಮಾಡೋಣ ಎಂದು ಯಾರೂ ಕೇಳಲೂ ಇಲ್ಲ. ಸಸಿ ನೆಟ್ಟು ಎದ್ದು ನಿಂತಾಗ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಯಿತು... ಕೊನೆಯ ದಿನಗಳಲ್ಲಿ ಮಾವನಿಗೆ ಮೊಣಕಾಲು ನೋವು, ಹತ್ತಲು ಆಗುತ್ತಿರಲಿಲ್ಲ. ಇದ್ದಿದ್ದರೆ ನಾನೇ ಕೈಹಿಡಿದು ಮೇಲೆ ಕರೆತರುತ್ತಿದ್ದೆ.